ಗ್ರಾವಿಟಿ ಫೀಡ್: ಟ್ಯಾಂಕ್ ಖಾಲಿಯಾಗುತ್ತಾ ಬಂದಂತೆ ಪ್ರೆಶರ್ ಇಳಿಯುತ್ತಿದೆ, ಇದು ಸರಿನಾ?

ಗ್ಯಾರೇಜ್‌ಹಕ್ಕಿ:
ಎಲ್ಲರಿಗೂ ನಮಸ್ಕಾರ. ಆರು ವರ್ಷದಿಂದ ಕಟ್ಟುತ್ತಿರುವ ನನ್ನ ಎರಡು ಸೀಟಿನ ಹೈ ವಿಂಗ್ (ರೆಕ್ಕೆ ಮೇಲಿರುವ) ವಿಮಾನ ಕೊನೆಗೂ ಪೆಟ್ರೋಲ್ ತುಂಬಿಸುವ ಹಂತಕ್ಕೆ ಬಂದಿದೆ. 100 ಎಚ್‌ಪಿ ಎಂಜಿನ್, ಅದರ ಹೊಟ್ಟೆಯಡಿ ಫ್ಲೋಟ್ ಇರುವ ಕಾರ್ಬ್ಯುರೇಟರ್. ಪಂಪ್ ಇಲ್ಲ, ಬರೀ ಗ್ರಾವಿಟಿ. ಎರಡೂ ರೆಕ್ಕೆಯಲ್ಲಿ ಒಂದೊಂದು ಟ್ಯಾಂಕ್, ಆಳ 15 ಸೆಂ.ಮೀ. ಟ್ಯಾಂಕಿನ ತಳ ಕಾರ್ಬ್ಯುರೇಟರ್ ಇನ್ಲೆಟ್‌ಗಿಂತ 56 ಸೆಂ.ಮೀ. ಮೇಲಿದೆ.

ಬಾಲವನ್ನು ಸ್ಟ್ಯಾಂಡ್ ಮೇಲಿಟ್ಟು, ವಿಮಾನವನ್ನು ಮಟ್ಟಸ ಮಾಡಿ, ಇನ್ಲೆಟ್ ಹತ್ತಿರ ಚಿಕ್ಕ ಗೇಜ್ ಹಾಕಿ ನೋಡಿದೆ. ಟ್ಯಾಂಕ್ ತುಂಬಿದ್ದಾಗ 0.73 ಪಿಎಸ್‌ಐ. ತಳ ಕಾಣುವಷ್ಟು ಖಾಲಿ ಮಾಡಿದಾಗ 0.57. ನನ್ನ ಕಾರ್ಬ್ಯುರೇಟರ್‌ಗೆ ಕನಿಷ್ಠ 0.5 ಬೇಕು ಅಂತ ಪುಸ್ತಕದಲ್ಲಿದೆ. ಪಾಸ್ ಆಯ್ತು ಅಂದುಕೊಂಡೆ, ಆದರೆ ಇಷ್ಟು ಹತ್ತಿರ ಬಂದದ್ದು ನೋಡಿ ಹೊಟ್ಟೆಯಲ್ಲಿ ಏನೋ ಕಸಿವಿಸಿ.

ಗೆಳೆಯನೊಬ್ಬ ಬಂದು ನೋಡಿ, ಗ್ಯಾಸ್ಕೊಲೇಟರ್ (ನೀರು, ಕಸ ಹಿಡಿಯುವ ಬಟ್ಟಲು) ತೀರಾ ಕೆಳಗಿದೆ, ಪೆಟ್ರೋಲ್ ಅಲ್ಲಿಗೆ ಇಳಿದು ಮತ್ತೆ 20 ಸೆಂ.ಮೀ. ಹತ್ತಬೇಕು, ಆ ಪ್ರೆಶರ್ ದಂಡ, ಅದನ್ನು ಮೇಲಕ್ಕೆ ತಾ ಅಂದ. ಹೌದಾ? ಪೈಪನ್ನು 10 ಮಿ.ಮೀ.ನಿಂದ 12ಕ್ಕೆ ಏರಿಸಿದರೆ ಪ್ರೆಶರ್ ಜಾಸ್ತಿ ಆಗುತ್ತದಾ?

ಮೂರನೇ ರಿವೆಟ್:
ಟ್ಯಾಂಕೇ ದೊಡ್ಡದು ಮಾಡಿಬಿಡಿ. ಜಾಸ್ತಿ ಪೆಟ್ರೋಲ್, ಜಾಸ್ತಿ ಭಾರ, ಜಾಸ್ತಿ ಪ್ರೆಶರ್. ಅಲ್ವಾ?

ಲೆಕ್ಕದಮೇಷ್ಟ್ರು:
ಅಲ್ಲ. ಒತ್ತಡಕ್ಕೆ ಎತ್ತರ ಮಾತ್ರ ಗೊತ್ತು, ಲೀಟರ್ ಗೊತ್ತಿಲ್ಲ. 200 ಲೀಟರ್ ಹಿಡಿಯುವ ಅಗಲ ತಟ್ಟೆಯೇ ಇರಲಿ, ಬೆರಳು ದಪ್ಪದ ಕೊಳವೆಯೇ ಇರಲಿ, ಪೆಟ್ರೋಲಿನ ಮೇಲ್ಮೈ ಒಂದೇ ಎತ್ತರದಲ್ಲಿದ್ದರೆ ತಳದಲ್ಲಿ ಒತ್ತಡ ಒಂದೇ. ಟ್ಯಾಂಕನ್ನು ಅಗಲ ಮಾಡಿದರೆ ಜಾಸ್ತಿ ಹೊತ್ತು ಹಾರಬಹುದು, ಅಷ್ಟೇ.

ಆವ್‌ಗ್ಯಾಸ್ (ವಿಮಾನದ ಪೆಟ್ರೋಲ್) ಲೀಟರಿಗೆ ಸುಮಾರು 0.72 ಕೆಜಿ ತೂಗುತ್ತದೆ. ಹಾಗಾಗಿ ಒಂದು ಮೀಟರ್ ಎತ್ತರಕ್ಕೆ ಸುಮಾರು 7 ಕಿಲೋಪಾಸ್ಕಲ್, ಅಂದರೆ ಹತ್ತಿರಹತ್ತಿರ 1 ಪಿಎಸ್‌ಐ. ನೆನಪಿಡೋಕೆ ಸುಲಭ: ಮೀಟರಿಗೆ ಒಂದು. ನಿಮ್ಮ 0.5 ಪಿಎಸ್‌ಐ ಅಂದರೆ 49 ಸೆಂ.ಮೀ. ಎತ್ತರ. ತುಂಬಿದಾಗ ನಿಮ್ಮ ಹತ್ತಿರ 71 ಇದೆ, ಖಾಲಿಯಾದಾಗ 56. ಗೇಜ್ ಸುಳ್ಳು ಹೇಳಿಲ್ಲ.

ಗ್ಯಾಸ್ಕೊಲೇಟರ್ ವಿಷಯ. ಗೋಡೆ ಕಟ್ಟುವ ಮೇಸ್ತ್ರಿ ನೀರು ತುಂಬಿದ ಪಾರದರ್ಶಕ ಪೈಪ್ ಹಿಡಿದು ಎರಡು ಕಡೆ ಮಟ್ಟ ನೋಡುತ್ತಾರಲ್ಲ, ಆ ಪೈಪ್ ಮಧ್ಯದಲ್ಲಿ ನೆಲಕ್ಕೆ ಜೋತು ಬಿದ್ದಿರುತ್ತದೆ. ಅದರಿಂದ ಮಟ್ಟ ತಪ್ಪುತ್ತದಾ? ಇಳಿಯುವಾಗ ಗಳಿಸಿದ್ದನ್ನು ಹತ್ತುವಾಗ ಕೊಡುತ್ತದೆ, ಲೆಕ್ಕ ಚುಕ್ತಾ. ಗ್ಯಾಸ್ಕೊಲೇಟರ್ ಎಲ್ಲಕ್ಕಿಂತ ಕೆಳಗೇ ಇರಬೇಕು. ನೀರು ಬಂದು ಕೂರುವ ಜಾಗ ಅದು. ಮೇಲಕ್ಕೆ ತಂದರೆ ನೀರು ಬೇರೆ ತಗ್ಗು ಹುಡುಕಿಕೊಳ್ಳುತ್ತದೆ.

ಪೈಪ್ ದಪ್ಪ ಮಾಡಿದರೆ ನಿಂತ ಪೆಟ್ರೋಲಿನ ಒತ್ತಡ ಒಂದು ಕೂದಲೂ ಏರಲ್ಲ. ಹರಿಯುವಾಗಿನ ಕಥೆ ಬೇರೆ.

ಹಳೇಸ್ಪ್ಯಾನರ್:
ಮೇಷ್ಟ್ರು ಹೇಳಿದ್ದೆಲ್ಲ ಸರಿ. ಆದರೆ ಹಕ್ಕಿಯವರೇ, ನೀವು ಅಳೆದದ್ದು ನಿಂತ ಪೆಟ್ರೋಲು, ಮಟ್ಟಸವಾಗಿ ನಿಲ್ಲಿಸಿದ ವಿಮಾನ. ಎಂಜಿನ್ ನಿಂತ ಪೆಟ್ರೋಲ್ ಕುಡಿಯಲ್ಲ. ವಿಮಾನ ಮಟ್ಟಸವಾಗಿ ಏರಲ್ಲ.

ಟ್ಯಾಂಕಿನ ತೂತು ಕಾರ್ಬ್ಯುರೇಟರ್‌ಗಿಂತ ಎಷ್ಟು ಹಿಂದಿದೆ? ಅದನ್ನು ಅಳೆದು ಹೇಳಿ, ಆಮೇಲೆ ಮಾತಾಡೋಣ.

ಗ್ಯಾರೇಜ್‌ಹಕ್ಕಿ:
ಈಗಷ್ಟೇ ಟೇಪ್ ಹಿಡಿದು ಬಂದೆ. 80 ಸೆಂ.ಮೀ. ಹಿಂದೆ. ಹರಿವಿನ ಪರೀಕ್ಷೆಯನ್ನೂ ಮಾಡಿದ್ದೆ ಸರ್, ಬರೆಯೋಕೆ ಮರೆತೆ. ಟ್ಯಾಂಕ್ ತುಂಬಿದ್ದಾಗ, ಮಟ್ಟಸ ನಿಲುವಿನಲ್ಲಿ, ಕಾರ್ಬ್ಯುರೇಟರ್‌ಗೆ ಹೋಗುವ ಹೋಸ್ ಬಿಚ್ಚಿ ಇನ್ಲೆಟ್ ಎತ್ತರದಲ್ಲೇ ಹಿಡಿದೆ. 1 ಲೀಟರ್ ತುಂಬೋಕೆ 61 ಸೆಕೆಂಡ್.

ಹಳೇಸ್ಪ್ಯಾನರ್:
80 ಸೆಂ.ಮೀ. ಹಿಂದೆ ಅಂದರೆ, ಮೂಗು ಎತ್ತಿದ ಹಾಗೆಲ್ಲ ಕಾರ್ಬ್ಯುರೇಟರ್ ಮೇಲಕ್ಕೆ ಹೋಗುತ್ತದೆ, ಟ್ಯಾಂಕ್ ಅದರ ಹೋಲಿಕೆಯಲ್ಲಿ ಕೆಳಗೆ ಬರುತ್ತದೆ. ಸೀ-ಸಾ ಆಟದ ಹಾಗೆ. ನಿಮ್ಮ ಏರಿಕೆಯ ಕೋನ ಎಷ್ಟು ಅಂದಾಜಿದೆ?

ಗ್ಯಾರೇಜ್‌ಹಕ್ಕಿ:
ಜಾಸ್ತಿ ಅಂದರೆ 12 ಡಿಗ್ರಿ.

ಲೆಕ್ಕದಮೇಷ್ಟ್ರು:
ಹಾಗಾದರೆ ನಾನು ಲೆಕ್ಕ ಹಾಕಿಬಿಡುತ್ತೇನೆ. 12 ಡಿಗ್ರಿಯಲ್ಲಿ ನಿಮ್ಮ 56 ಸೆಂ.ಮೀ. ವಾಲಿಕೊಂಡು 54.8 ಆಗುತ್ತದೆ, ಇದು ದೊಡ್ಡದಲ್ಲ. ಆದರೆ 80 ಸೆಂ.ಮೀ. ಹಿಂದಿರುವುದರಿಂದ 16.6 ಸೆಂ.ಮೀ. ಕಳೆದುಹೋಗುತ್ತದೆ. ಉಳಿಯೋದು 38 ಸೆಂ.ಮೀ., ಅಂದರೆ 0.39 ಪಿಎಸ್‌ಐ. ಪುಸ್ತಕದ 0.5ಕ್ಕಿಂತ ಕೆಳಗೆ. ಪಾಸ್ ಆಗಿದ್ದ ವಿಮಾನ ನೆಲ ಬಿಟ್ಟ ಕೂಡಲೇ ಫೇಲ್.

ಇನ್ನೊಂದು ಸೂಕ್ಷ್ಮ. ಟೇಕಾಫ್ ಓಟದಲ್ಲಿ ಮೂಗು ಎತ್ತದಿದ್ದರೂ ಇದೇ ಆಗುತ್ತದೆ. ವಿಮಾನ ಮುಂದಕ್ಕೆ ನುಗ್ಗುವಾಗ ಪೈಪಿನೊಳಗಿನ ಪೆಟ್ರೋಲ್ ಹಿಂದೆ ಉಳಿಯೋಕೆ ನೋಡುತ್ತದೆ. ವೇಗ 0.2 ಜಿ (ಭೂಮಿಯ ಗುರುತ್ವದ 0.2 ಪಾಲು) ಲೆಕ್ಕದಲ್ಲಿ ಏರುತ್ತಿದ್ದರೆ, 80ರ 0.2 ಪಾಲು, 16 ಸೆಂ.ಮೀ. ಹೆಡ್ (ಅಂದರೆ ಒತ್ತಡ ಕೊಡುವ ಎತ್ತರ) ಮಾಯ. ಎಂಜಿನ್‌ಗೆ ಅತಿ ಹೆಚ್ಚು ಹಸಿವಿರುವ ಹೊತ್ತಿನಲ್ಲೇ ಕಡಿಮೆ ಬಡಿಸುತ್ತೇವೆ.

ಮೂರನೇ ರಿವೆಟ್:
ತಿರುಗುವಾಗ ಜಿ ಜಾಸ್ತಿ ಆಗುತ್ತಲ್ಲ, ಆಗ?

ಲೆಕ್ಕದಮೇಷ್ಟ್ರು:
ಆಗ ಲಾಭ. 60 ಡಿಗ್ರಿ ವಾಲಿ ಎತ್ತರ ಬಿಡದೆ ಸರಿಯಾಗಿ ತಿರುಗಿದರೆ 2 ಜಿ, ಹೆಡ್ ಇಮ್ಮಡಿ. ಸ್ಟಿಕ್ ಮುಂದಕ್ಕೆ ತಳ್ಳಿ ಸೀಟಿನಿಂದ ತೇಲಿದ ಹಾಗೆ ಅನ್ನಿಸಿದರೆ ಸೊನ್ನೆ ಜಿ, ಹೆಡ್ಡೂ ಸೊನ್ನೆ. ಆ ಹೊತ್ತಿನಲ್ಲಿ ಫ್ಲೋಟ್ ಬಟ್ಟಲಲ್ಲಿ ಇರೋದೇ ಗತಿ. ಅದೂ ತೇಲುತ್ತಿರುತ್ತದೆ!

ಬಾಲಚಕ್ರ:
ಹಕ್ಕಿಯವರದ್ದು ಬಾಲಚಕ್ರದ ವಿಮಾನ ಅಲ್ವಾ? ತಮಾಷೆ ನೋಡಿ. ಅದು ನಿಂತಾಗಲೇ ಮೂಗು ಮೇಲೆ ಇರುತ್ತದೆ. ನೀವು ಕಷ್ಟಪಟ್ಟು ಬಾಲ ಎತ್ತಿ, ಸುಲಭದ ಪರೀಕ್ಷೆ ಬರೆದು, ಪಾಸ್ ಆಗಿದ್ದೀರಿ. ಸುಮ್ನೆ ನಿಂತ ಹಾಗೇ ಬಿಟ್ಟಿದ್ದರೂ ಸತ್ಯಕ್ಕೆ ಹತ್ತಿರ ಇರುತ್ತಿತ್ತು.

ಗ್ಯಾರೇಜ್‌ಹಕ್ಕಿ:
ಹೌದು, ನಗಿ ನಗಿ. ನಿಂತಾಗ 11 ಡಿಗ್ರಿ.

ಹಳೇಸ್ಪ್ಯಾನರ್:
ನಗೋದು ಬೇಡ, ಎಲ್ಲರೂ ಮಾಡೋದೇ. ಸರಿಯಾದ ಪರೀಕ್ಷೆ ಹೀಗೆ. ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ, ಮನೆಯಲ್ಲಿ ಕಟ್ಟಿದ ವಿಮಾನಗಳ ಪರೀಕ್ಷಾ ಹಾರಾಟಕ್ಕೆ ಎಸಿ 90-89 ಅಂತ ಕೈಪಿಡಿ ಕೊಟ್ಟಿದೆ. ಅದರ ಪ್ರಕಾರ ಮೂಗನ್ನು ನಿಮ್ಮ ಅತಿ ಹೆಚ್ಚಿನ ಏರಿಕೆ ಕೋನಕ್ಕಿಂತ 5 ಡಿಗ್ರಿ ಜಾಸ್ತಿ ಎತ್ತಬೇಕು. ನಿಮಗೆ 17 ಡಿಗ್ರಿ. ಟ್ಯಾಂಕಿನಲ್ಲಿ ತಳಕಂಡಷ್ಟು ಮಾತ್ರ ಪೆಟ್ರೋಲ್ ಇರಬೇಕು. ಆಗ ಗ್ರಾವಿಟಿ ಫೀಡ್ ಆದರೆ ಎಂಜಿನ್ ಪೂರ್ತಿ ಪವರ್‌ನಲ್ಲಿ ಕುಡಿಯುವುದರ ಒಂದೂವರೆ ಪಟ್ಟು ಬರಬೇಕು. ಪಂಪ್ ಇದ್ದರೆ ಒಂದೂಕಾಲು ಪಟ್ಟು ಸಾಕು.

100 ಎಚ್‌ಪಿಗೆ ಗಂಟೆಗೆ 25 ಕೆಜಿ ಅಂತ ಹಿಡಿಯಿರಿ. ಸುಮಾರು 35 ಲೀಟರ್. ಒಂದೂವರೆ ಪಟ್ಟು ಅಂದರೆ 52. ಅಂದರೆ 1 ಲೀಟರ್ 69 ಸೆಕೆಂಡಿನೊಳಗೆ ತುಂಬಬೇಕು. ನಿಮ್ಮ 61 ಕಾಗದದ ಮೇಲೆ ಪಾಸೇ, ಆದರೆ ತಪ್ಪು ಪ್ರಶ್ನೆಪತ್ರಿಕೆ.

0.5 ಪಿಎಸ್‌ಐ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ ಅಂತಲೂ ಹೇಳುತ್ತೇನೆ. ಲೈಕೊಮಿಂಗ್ ಒ-320 ಎಂಜಿನ್‌ಗೂ ಕಾರ್ಬ್ಯುರೇಟರ್‌ನಲ್ಲಿ ಕನಿಷ್ಠ 0.5, ಗರಿಷ್ಠ 8 ಅಂತ ಇದೆ. ಆ ಸಂಖ್ಯೆ ಇರೋದು ಫ್ಲೋಟ್ ಸೂಜಿಯ ತೂತಿನಿಂದ ಸಾಕಷ್ಟು ಪೆಟ್ರೋಲ್ ನುಗ್ಗಲಿ ಅಂತ. ಗ್ರಾವಿಟಿಗೆ ಮಾಡಿದ ಸೀಟಿನ (ಆ ಸೂಜಿ ಕೂರುವ ಜಾಗದ) ತೂತು ದೊಡ್ಡದಿರುತ್ತದೆ, ಪಂಪಿಗೆ ಮಾಡಿದ್ದು ಚಿಕ್ಕದು. ಪಂಪಿನ ಸೀಟ್ ಇರುವ ಕಾರ್ಬ್ಯುರೇಟರನ್ನು ಹಳೇ ಎಂಜಿನಿಂದ ಕಿತ್ತು ಗ್ರಾವಿಟಿಗೆ ಹಾಕಿದವರನ್ನು ಕಂಡಿದ್ದೇನೆ. ಹೋಸ್ ತುದಿಯಲ್ಲಿ ಧಾರಾಳ ಹರಿವು, ಬಟ್ಟಲಿಗೆ ಬರಗಾಲ. ಆದ್ದರಿಂದ ಹೋಸ್ ತುದಿಯಲ್ಲಿ ಒಮ್ಮೆ ಅಳೆದ ಮೇಲೆ, ಕಾರ್ಬ್ಯುರೇಟರ್ ಬಟ್ಟಲಿನ ಡ್ರೈನ್ ಪ್ಲಗ್ ಬಿಚ್ಚಿ ಅಲ್ಲಿಂದಲೂ ಒಮ್ಮೆ ಅಳೆಯಿರಿ.

ಮತ್ತೆ, ದಯವಿಟ್ಟು ಪ್ಲಾಸ್ಟಿಕ್ ಬಕೆಟ್ ಬೇಡ. ಲೋಹದ ಡಬ್ಬ, ಡಬ್ಬದಿಂದ ವಿಮಾನಕ್ಕೆ ಒಂದು ವೈರ್, ವಿಮಾನದಿಂದ ನೆಲಕ್ಕೆ ಇನ್ನೊಂದು. ಬಯಲಲ್ಲಿ ಮಾಡಿ. ಬೆಂಕಿ ಆರಿಸೋ ಸಿಲಿಂಡರ್ ಕೈಗೆ ಸಿಗೋ ಹಾಗಿರಲಿ.

ತಗ್ಗುರೆಕ್ಕೆ:
ಇದನ್ನೆಲ್ಲ ಓದುತ್ತಾ ಲೋ ವಿಂಗ್ ಕಟ್ಟಿದವನಾಗಿ ನಾನು ಸುಖಿ ಅಂದುಕೊಳ್ಳುತ್ತಿದ್ದೇನೆ. ಪಂಪ್ ಇದೆ, ಎತ್ತರದ ಗೊಡವೆಯೇ ಇಲ್ಲ.

ಹಳೇಸ್ಪ್ಯಾನರ್:
ಪಂಪ್ ಎಲ್ಲಿ ಇಟ್ಟಿದ್ದೀರಿ?

ತಗ್ಗುರೆಕ್ಕೆ:
ಎಲೆಕ್ಟ್ರಿಕ್ ಪಂಪ್ ಫೈರ್‌ವಾಲ್ (ಎಂಜಿನ್ ಹಿಂದಿನ ಗೋಡೆ) ಮೇಲೆ. ಮೆಕ್ಯಾನಿಕಲ್ ಪಂಪ್ ಎಂಜಿನ್ ಮೇಲೆ, ಅದು ಬಂದ ಹಾಗೇ ಇದೆ.

ಹಳೇಸ್ಪ್ಯಾನರ್:
ಹಾಗಾದರೆ ಎತ್ತರದ ಗೊಡವೆ ನಿಮಗೆ ಡಬಲ್. ನಮ್ಮ ಪೈಪುಗಳಲ್ಲಿ ಎತ್ತರ ಪೆಟ್ರೋಲನ್ನು ಹಿಂದಿನಿಂದ ತಳ್ಳುತ್ತದೆ, ನಿಮ್ಮದರಲ್ಲಿ ಪಂಪ್ ಮುಂದಿನಿಂದ ಎಳೆಯುತ್ತದೆ. ಟ್ಯಾಂಕಿನಿಂದ ಪಂಪ್ 50 ಸೆಂ.ಮೀ. ಮೇಲಿದ್ದರೆ ಆ ಪೈಪಿನೊಳಗೆ ಒತ್ತಡ ಹೊರಗಿನ ಗಾಳಿಗಿಂತ 3.5 ಕಿಲೋಪಾಸ್ಕಲ್ ಕಡಿಮೆ. ಅದರ ಮೇಲೆ ಫಿಲ್ಟರು, ಎಲ್ಬೋ. ಇಷ್ಟೂ ಆಗೋದು ಬಿಸಿ ಎಂಜಿನ್ ಪಕ್ಕದಲ್ಲಿ. ಪೆಟ್ರೋಲ್ ಕುದಿಯೋಕೆ ಇನ್ನೇನು ಬೇಕು?

ಪಂಪಿನ ಗೇಜ್ ಔಟ್‌ಲೆಟ್ ಕಡೆ ಇರುತ್ತದೆ. ಅದು 4 ಪಿಎಸ್‌ಐ ತೋರಿಸುತ್ತಾ ನಗುತ್ತಿರುವಾಗಲೇ ಇನ್ಲೆಟ್‌ನಲ್ಲಿ ಗುಳ್ಳೆ ಏಳುತ್ತಿರಬಹುದು. ಪಂಪ್ ತಳ್ಳೋದರಲ್ಲಿ ಜಾಣ, ಎಳೆಯೋದರಲ್ಲಿ ದಡ್ಡ. ಎಲೆಕ್ಟ್ರಿಕ್ ಪಂಪನ್ನು ಟ್ಯಾಂಕಿನ ಹತ್ತಿರ, ಟ್ಯಾಂಕ್ ತಳಕ್ಕಿಂತ ಕೆಳಗೆ ಇಡಿ. ಆಗ ಉಳಿದ ಪೈಪೆಲ್ಲ ತಳ್ಳುವ ಕಡೆಗೆ ಬರುತ್ತದೆ.

ಲೆಕ್ಕದಮೇಷ್ಟ್ರು:
ಇದಕ್ಕೊಂದು ಅಂಕಿ ಸೇರಿಸುತ್ತೇನೆ. 100ಎಲ್ಎಲ್ ಆವ್‌ಗ್ಯಾಸ್‌ನ ಆವಿ ಒತ್ತಡ 37.8 ಡಿಗ್ರಿ ಸೆಲ್ಸಿಯಸ್‌ನಲ್ಲಿ 38ರಿಂದ 49 ಕಿಲೋಪಾಸ್ಕಲ್. ಕಾರಿನ ಪೆಟ್ರೋಲ್ ಸಾಮಾನ್ಯವಾಗಿ ಇದಕ್ಕಿಂತ ಬೇಗ ಆವಿಯಾಗುತ್ತದೆ. 10,000 ಅಡಿಯಲ್ಲಿ ಗಾಳಿಯ ಒತ್ತಡವೇ ಸುಮಾರು 70. ಎಂಜಿನ್ ಗೂಡಿನ ಬಿಸಿಗೆ ಪೈಪ್ ಕಾದಷ್ಟೂ ಆವಿ ಒತ್ತಡ ಏರುತ್ತಾ ಹೋಗುತ್ತದೆ. ಎರಡರ ಮಧ್ಯೆ ಉಳಿಯುವ ಜಾಗದಲ್ಲಿ 3.5 ಕಿಲೋಪಾಸ್ಕಲ್ ಸಣ್ಣದೇನಲ್ಲ.

ತಗ್ಗುರೆಕ್ಕೆ:
ಸರಿ, ಸುಖಿ ಅನ್ನೋ ಮಾತು ವಾಪಸ್. ಸೀಟಿನ ಕೆಳಗೆ ಜಾಗ ಇದೆ, ಅಲ್ಲಿಗೆ ತರುತ್ತೇನೆ.

ಮೂರನೇ ರಿವೆಟ್:
ಹಕ್ಕಿಯವರೂ ಒಂದು ಎಲೆಕ್ಟ್ರಿಕ್ ಪಂಪ್ ಹಾಕಿ ಮುಗಿಸಬಹುದಲ್ಲ?

ಬಾಲಚಕ್ರ:
ಹಾಕಬಹುದು. ಆದರೆ ಈಗ ಅವರ ಎಂಜಿನ್‌ಗೆ ಬ್ಯಾಟರಿ ಇಲ್ಲದಿದ್ದರೂ ಪೆಟ್ರೋಲ್ ಸಿಗುತ್ತದೆ. ಪೈಪರ್ ಜೆ-3 ಕಬ್‌ನಲ್ಲಿ ಟ್ಯಾಂಕ್ ಮೂಗಿನಲ್ಲಿ, ಪೈಲಟ್ ಎದುರಿಗೇ ಇರುತ್ತದೆ, ಪಂಪೇ ಇಲ್ಲ. ಮುಚ್ಚಳದಿಂದ ಒಂದು ತಂತಿ ಮೇಲೆ ಬಂದಿರುತ್ತದೆ, ಅದರ ಬುಡದಲ್ಲಿ ಕಾರ್ಕ್. ತಂತಿ ಇಳಿದರೆ ಪೆಟ್ರೋಲ್ ಇಳಿದಿದೆ. ಅದಕ್ಕಿಂತ ನಂಬಿಕಸ್ಥ ಗೇಜ್ ನಾನು ನೋಡಿಲ್ಲ.

ಗ್ರಾವಿಟಿ ಲೈನಿನ ಮಧ್ಯೆ ಪಂಪ್ ತೂರಿಸಿದರೆ, ಅದು ಆಫ್ ಇದ್ದಾಗ ತಾನೇ ಅಡ್ಡಗಾಲು. ಪಂಪನ್ನು ಸುತ್ತಿಹೋಗುವ ಬೈಪಾಸ್ ಬೇಕು, ಅದಕ್ಕೆ ಒಂದೇ ದಿಕ್ಕಿಗೆ ಬಿಡುವ ಚೆಕ್ ವಾಲ್ವ್ ಬೇಕು. ಇನ್ನು ರೋಟಾಕ್ಸ್ 912 ಎಂಜಿನ್ನಿನ ಬಿಂಗ್ ಕಾರ್ಬ್ಯುರೇಟರ್ ಆದರೆ ಮಾತೇ ಬೇರೆ, ಅದಕ್ಕೆ ಕನಿಷ್ಠ 0.15 ಬಾರ್ ಬೇಕು.

ಲೆಕ್ಕದಮೇಷ್ಟ್ರು:
0.15 ಬಾರ್‌ಗೆ 2.1 ಮೀಟರ್ ಹೆಡ್. ವಿಮಾನದ ಮೇಲೆ ಕಂಬ ನೆಟ್ಟು ಟ್ಯಾಂಕ್ ಕೂರಿಸಬೇಕು.

ಗ್ಯಾರೇಜ್‌ಹಕ್ಕಿ:
ಮೂರು ದಿನ ಆಯ್ತು, ಫಲಿತಾಂಶ ತಂದಿದ್ದೇನೆ. ಸಿಹಿ ಸುದ್ದಿ ಅಲ್ಲ.

ಬಾಲದ ಚಕ್ರವನ್ನು 45 ಸೆಂ.ಮೀ. ಗುಂಡಿಗೆ ಇಳಿಸಿದೆವು. ಡಿಜಿಟಲ್ ಲೆವೆಲ್ ಬಾಗಿಲ ಚೌಕಟ್ಟಿನ ಮೇಲಿಟ್ಟಾಗ 17.1 ಡಿಗ್ರಿ. ಎಡ ಟ್ಯಾಂಕಿನಲ್ಲಿ 4 ಲೀಟರ್ ಮಾತ್ರ ಉಳಿಸಿ, ಬಲದ್ದನ್ನು ಮುಚ್ಚಿದೆ. ಹೋಸ್ ಬಿಚ್ಚಿ ಡಬ್ಬಕ್ಕೆ ಬಿಟ್ಟೆ. ಧಾರೆ ನೋಡಿದರೆ ಚೆನ್ನಾಗೇ ಇತ್ತು, ಪೆನ್ಸಿಲ್ ದಪ್ಪ. ಆದರೆ ಸ್ಟಾಪ್‌ವಾಚ್ ನಿಲ್ಲಿಸಿದಾಗ 94 ಸೆಕೆಂಡ್.

94! ಗಂಟೆಗೆ 38 ಲೀಟರ್. ಎಂಜಿನ್ ಕುಡಿಯೋದು 35. ಎರಡರ ಮಧ್ಯೆ ಮೂರು ಲೀಟರ್ ಅಂತರ, ಅಷ್ಟೇ. ಫಿಲ್ಟರ್ ಮೇಲೆ ಸ್ವಲ್ಪ ಕಸ ಕೂತರೆ ಅದೂ ಹೋಯ್ತು. ಈ ವಿಮಾನದಲ್ಲಿ ನಾನು ಮುಂದಿನ ತಿಂಗಳು ಹಾರಬೇಕು ಅಂತ ದಿನ ಗೊತ್ತು ಮಾಡಿಕೊಂಡಿದ್ದೆ.

ಲೆಕ್ಕದಮೇಷ್ಟ್ರು:
ದಿನ ಮುಂದೂಡಿ, ಬೇಜಾರು ಮಾಡಿಕೊಳ್ಳಬೇಡಿ. ಲೆಕ್ಕ ಕೂಡ ಹೊಂದುತ್ತದೆ. 17 ಡಿಗ್ರಿಯಲ್ಲಿ ನಿಮಗೆ ಉಳಿಯೋದು 30 ಸೆಂ.ಮೀ. ಹೆಡ್. ಮೊದಲ ಪರೀಕ್ಷೆಯಲ್ಲಿ 71 ಇತ್ತು. ಇಂಥ ಪೈಪಿನಲ್ಲಿ ಹರಿವು ಹೆಚ್ಚೂಕಡಿಮೆ ಹೆಡ್‌ನ ವರ್ಗಮೂಲದಷ್ಟು ಬದಲಾಗುತ್ತದೆ. ಹೆಡ್ ಅರ್ಧಕ್ಕಿಂತ ಕೆಳಗೆ ಬಿದ್ದಿದೆ, ಹರಿವು ಮೂರನೇ ಒಂದು ಭಾಗ ಬಿದ್ದಿದೆ. 61ರ ಒಂದೂವರೆ ಪಟ್ಟು ಅಂದರೆ 92, ನಿಮಗೆ ಬಂದದ್ದು 94.

ಹೆಡ್ ಏರಿಸೋಕೆ ನಿಮ್ಮ ಕೈಲಿ ಆಗಲ್ಲ, ರೆಕ್ಕೆ ಮೇಲೆತ್ತೋಕೆ ಆಗುತ್ತದಾ? ಇರುವ 30 ಸೆಂ.ಮೀ. ಎಲ್ಲಿ ಖರ್ಚಾಗುತ್ತಿದೆ ಅಂತ ಹುಡುಕಬೇಕು. ಅದಕ್ಕೆ ಪಿಎಸ್‌ಐ ಗೇಜ್ ಬೇಡ. 0ಯಿಂದ 15ರ ಗೇಜ್‌ನಲ್ಲಿ ಈ ಅಂಕಿಗಳು ಮುಳ್ಳಿನ ದಪ್ಪದೊಳಗೇ ಮುಗಿದುಹೋಗುತ್ತವೆ. ಪಾರದರ್ಶಕ ಪೈಪ್ ತಗೊಳ್ಳಿ. ಲೈನಿನಲ್ಲಿ ಟೀ (ಮೂರು ಬಾಯಿಯ T ಆಕಾರದ ಜೋಡಣೆ) ಹಾಕಿ, ಪೈಪನ್ನು ಮೇಲಕ್ಕೆ ಎತ್ತಿ ಕಟ್ಟಿ, ಮೇಲಿನ ತುದಿ ತೆರೆದಿರಲಿ. ಹರಿವು ನಿಂತಾಗ ಅದರಲ್ಲಿ ಪೆಟ್ರೋಲ್ ಸರಿಯಾಗಿ ಟ್ಯಾಂಕಿನ ಮಟ್ಟಕ್ಕೇ ನಿಲ್ಲುತ್ತದೆ. ಹರಿಯೋಕೆ ಬಿಟ್ಟಾಗ ಇಳಿಯುತ್ತದೆ. ಎಷ್ಟು ಇಳಿಯಿತೋ ಅಷ್ಟು ಅಲ್ಲಿಯವರೆಗೆ ಖರ್ಚು. ಟೇಪ್ ಹಿಡಿದು ಓದಬಹುದು.

ಗ್ಯಾರೇಜ್‌ಹಕ್ಕಿ:
ಮೇಷ್ಟ್ರೇ, ಇದು ಮ್ಯಾಜಿಕ್. ಮೂರು ಕಡೆ ಟೀ ಹಾಕಿದೆ: ವಾಲ್ವ್‌ಗೆ ಮೊದಲು, ವಾಲ್ವ್ ಆದಮೇಲೆ, ಫಿಲ್ಟರ್ ಆದಮೇಲೆ. ಮೂರೂ ಪೈಪ್‌ಗಳನ್ನು ಒಂದು ಹಲಗೆಗೆ ಪಕ್ಕಪಕ್ಕ ಕಟ್ಟಿ, ಹಿಂದೆ ಬಿಳಿ ಕಾಗದ ಅಂಟಿಸಿದೆ. ಹೋಸ್ ಮುಚ್ಚಿದ್ದಾಗ ಮೂರರಲ್ಲೂ ನೀಲಿ ಗೆರೆ ಒಂದೇ ಸಾಲಿನಲ್ಲಿ. ಹೋಸ್ ಬಿಟ್ಟ ಕೂಡಲೇ ಮೂರೂ ಮೆಟ್ಟಿಲಿನ ಹಾಗೆ ಇಳಿದವು.

ಮೊದಲನೆಯದು 6 ಸೆಂ.ಮೀ. ಇಳಿಯಿತು. ಎರಡನೆಯದು ಅದಕ್ಕಿಂತ 8 ಕೆಳಗೆ. ಮೂರನೆಯದು ಅದಕ್ಕಿಂತ ಇನ್ನೂ 12 ಕೆಳಗೆ. ಅಲ್ಲಿಂದ ಹೋಸ್ ತುದಿಗೆ ಉಳಿದ 4.

ಅಂದರೆ 30ರಲ್ಲಿ 20 ಸೆಂ.ಮೀ. ವಾಲ್ವ್ ಮತ್ತು ಫಿಲ್ಟರ್ ಎರಡೇ ತಿಂದಿವೆ. ಫಿಲ್ಟರ್ ಕಾರಿನ ಕಾಗದದ ಫಿಲ್ಟರು, ಪಂಪಿನ ಲೈನಿಗೆ ಮಾಡಿದ್ದು. ವಾಲ್ವ್ ಬಿಚ್ಚಿ ಡ್ರಿಲ್ ಬಿಟ್ ತೂರಿಸಿ ನೋಡಿದರೆ ಒಳಗಿನ ತೂತು 4 ಮಿ.ಮೀ. ಹೊರಗಿನ ಥ್ರೆಡ್ ನೋಡಿ ದೊಡ್ಡದು ಅಂದುಕೊಂಡು ತಂದಿದ್ದೆ.

ಹಳೇಸ್ಪ್ಯಾನರ್:
ಸಿಕ್ಕಿಬಿದ್ದ ಕಳ್ಳರು. ಪೈಪ್ 8 ಮಿ.ಮೀ. ಒಳವ್ಯಾಸ ಇದ್ದು ವಾಲ್ವ್ 4 ಆದರೆ, ಅಲ್ಲಿ ವೇಗ ನಾಲ್ಕು ಪಟ್ಟು, ನಷ್ಟ ಹದಿನಾರು ಪಟ್ಟಿಗೂ ಹೆಚ್ಚು. ನೀವು 12 ಮಿ.ಮೀ. ಪೈಪ್ ಹಾಕಿದ್ದರೂ ಈ ವಾಲ್ವ್ ಇರುವ ತನಕ ಹಣ ದಂಡ.

ಕಾಗದದ ಫಿಲ್ಟರ್ ತೆಗೆಯಿರಿ. ಟ್ಯಾಂಕಿನ ತೂತಿನಲ್ಲಿ ಬೆರಳಿನಾಕಾರದ ದಪ್ಪ ಜಾಲರಿ ಇದೆಯಲ್ಲ? ಗ್ಯಾಸ್ಕೊಲೇಟರ್‌ನಲ್ಲಿ ಸಣ್ಣ ಜಾಲರಿ ಇದೆ. ಗ್ರಾವಿಟಿಗೆ ಅಷ್ಟು ಸಾಕು. ಆದರೆ ಟ್ಯಾಂಕನ್ನು ಎರಡು ಮೂರು ಸಲ ತೊಳೆದು, ಜಾಲರಿ ಬಿಚ್ಚಿ ನೋಡಿ, ಕಸ ಬರೋದು ನಿಂತ ಮೇಲೆ ಮಾತ್ರ. ಹೊಸ ಟ್ಯಾಂಕಿನಲ್ಲಿ ಲೋಹದ ಪುಡಿ, ಸೀಲೆಂಟ್ ಚೂರು ಇದ್ದೇ ಇರುತ್ತವೆ.

ಗ್ಯಾರೇಜ್‌ಹಕ್ಕಿ:
ಹೊಸ ವಾಲ್ವ್ ಬಂತು, ಪೂರ್ತಿ ತೂತಿನದ್ದು. ಫಿಲ್ಟರ್ ತೆಗೆದೆ. ಎಲ್ಲ ಜೋಡಿಸಿ, ಮತ್ತೆ ಗುಂಡಿಗೆ ಇಳಿಸಿ, ಹೋಸ್ ಬಿಟ್ಟರೆ... ತೊಟ್ಟಿಕ್ಕುತ್ತಿದೆ! ಮೊದಲಿಗಿಂತ ಕಡೆ. ಏನೂ ಅರ್ಥ ಆಗುತ್ತಿಲ್ಲ. ಟ್ಯಾಂಕಿನಲ್ಲಿ ಪೆಟ್ರೋಲ್ ಇದೆ, ವಾಲ್ವ್ ತೆರೆದಿದೆ.

ಬಾಲಚಕ್ರ:
ಹೊಸ ವಾಲ್ವ್‌ಗೆ ಹೋಸ್ ದಾರಿ ಬದಲಿಸಿದಿರಾ? ಎಲ್ಲಾದರೂ ಮೇಲೆ ಹತ್ತಿ ಇಳಿಯುತ್ತದಾ?

ಗ್ಯಾರೇಜ್‌ಹಕ್ಕಿ:
ಹ್ಞಾಂ, ಬಾಗಿಲ ಕಂಬದ ಹತ್ತಿರ ಒಂದು ಬ್ರಾಕೆಟ್ ದಾಟಿಸೋಕೆ ಮೇಲೆ ತಂದು ಇಳಿಸಿದ್ದೇನೆ. ಸಣ್ಣ ಉಬ್ಬು.

ಬಾಲಚಕ್ರ:
ಅದೇ. ಪೈಪ್ ಖಾಲಿ ಇದ್ದಾಗ ಪೆಟ್ರೋಲ್ ಬಿಟ್ಟರೆ, ಉಬ್ಬಿನಾಚೆ ಇಳಿಜಾರಿನಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ಪೆಟ್ರೋಲ್ ಅದರ ಪಕ್ಕದಿಂದ ಗೋಡೆ ಹಿಡಿದು ಸುಮ್ನೆ ಜಾರುತ್ತದೆ, ಗಾಳಿಯನ್ನು ತಳ್ಳಲ್ಲ. ಗಾಳಿ ನಿಂತಷ್ಟು ಎತ್ತರ ನಿಮ್ಮ ಹೆಡ್‌ನಿಂದ ಕಳೆದುಹೋಯಿತು ಅಂತ ತಿಳಿಯಿರಿ. ಅಂಥ ಎರಡು ಮೂರು ಉಬ್ಬಿದ್ದರೆ ಒಂದೊಂದರದ್ದೂ ಕೂಡಿಕೊಳ್ಳುತ್ತದೆ. 30 ಸೆಂ.ಮೀ. ಇಟ್ಟುಕೊಂಡು ಎಷ್ಟು ಉಬ್ಬಿಗೆ ಸುಂಕ ಕಟ್ಟುತ್ತೀರಿ? ಬ್ರಾಕೆಟ್ ಕತ್ತರಿಸಿ. ಟ್ಯಾಂಕಿನಿಂದ ಗ್ಯಾಸ್ಕೊಲೇಟರ್ ತನಕ ಇಳಿಯುತ್ತಲೇ ಹೋಗಬೇಕು, ಅಲ್ಲಿಂದ ಕಾರ್ಬ್ಯುರೇಟರ್ ತನಕ ಏರುತ್ತಲೇ. 17 ಡಿಗ್ರಿಯಲ್ಲಿ ನಿಂತಾಗಲೂ ಅದು ನಿಜವಾಗಬೇಕು. ಮಟ್ಟಸ ಇದ್ದಾಗ ಇಳಿಜಾರು ಅನ್ನಿಸಿದ್ದು ಮೂಗು ಎತ್ತಿದಾಗ ಉಬ್ಬಾಗಬಹುದು.

ಗ್ಯಾರೇಜ್‌ಹಕ್ಕಿ:
ಬ್ರಾಕೆಟ್ ಕತ್ತರಿಸಿದೆ. 58 ಸೆಕೆಂಡ್. ಮೂರು ಸಲ ಮಾಡಿದೆ: 58, 57, 58. ಬಲ ಟ್ಯಾಂಕ್ ಒಂದೇ ಇಟ್ಟು 59. ಕಾರ್ಬ್ಯುರೇಟರ್ ಬಟ್ಟಲಿನ ಡ್ರೈನ್‌ನಿಂದ 66. ಎಲ್ಲವೂ 69ರೊಳಗೆ. ಕೈಯೆಲ್ಲ ಪೆಟ್ರೋಲ್ ವಾಸನೆ, ಮನೆಯಲ್ಲಿ ಊಟಕ್ಕೆ ದೂರ ಕೂರಿಸಿದ್ದಾರೆ.

ಮೂರನೇ ರಿವೆಟ್:
ಅಭಿನಂದನೆ! ಇನ್ನು ಹಾರಿ.

ಹಳೇಸ್ಪ್ಯಾನರ್:
ತಡೀರಿ. ಈ ಪರೀಕ್ಷೆಯೆಲ್ಲ ಟ್ಯಾಂಕಿನ ಮುಚ್ಚಳ ತೆಗೆದು ಮಾಡಿದ್ದಾ, ಹಾಕಿ ಮಾಡಿದ್ದಾ?

ಗ್ಯಾರೇಜ್‌ಹಕ್ಕಿ:
...ತೆಗೆದು. ಪೆಟ್ರೋಲ್ ಎಷ್ಟಿದೆ ನೋಡೋಕೆ ಅನುಕೂಲ ಅಂತ.

ಹಳೇಸ್ಪ್ಯಾನರ್:
ನಾಳೆ ಹಾಕಿ ಮಾಡಿ. ಟ್ಯಾಂಕಿಗೆ ಗಾಳಿ ಬಿಡುವ ವೆಂಟ್ ಪೈಪ್ ಪರೀಕ್ಷೆಯಾಗಿಲ್ಲ. ನಾನು ಒಮ್ಮೆ ಪೂರ್ತಿ ಎಂಜಿನ್ ಬಿಚ್ಚಿ ಜೋಡಿಸಿದ್ದೇನೆ, ಓಡುತ್ತಾ ಓಡುತ್ತಾ ನಿಲ್ಲುತ್ತಿತ್ತು. ಎರಡು ನಿಮಿಷ ಬಿಟ್ಟರೆ ಮತ್ತೆ ಸ್ಟಾರ್ಟ್. ಕೊನೆಗೆ ನೋಡಿದರೆ ವೆಂಟ್ ಪೈಪಿನೊಳಗೆ ಕಣಜ ಮಣ್ಣಿನ ಗೂಡು ಕಟ್ಟಿತ್ತು. ಅವತ್ತು ನನ್ನ ಮೇಲೇ ನನಗೆ ಬಂದ ಸಿಟ್ಟು ಹೇಳತೀರದು.

ಲೆಕ್ಕದಮೇಷ್ಟ್ರು:
ಎಷ್ಟು ಬೇಗ ಕೆಲಸ ಕೆಡುತ್ತದೆ ನೋಡಿ. ವೆಂಟ್ ಪೂರ್ತಿ ಮುಚ್ಚಿದೆ, ಟ್ಯಾಂಕಿನಲ್ಲಿ ಪೆಟ್ರೋಲಿನ ಮೇಲೆ 10 ಲೀಟರ್ ಗಾಳಿ ಇದೆ ಅಂತ ಇಟ್ಟುಕೊಳ್ಳಿ. 0.4 ಲೀಟರ್ ಪೆಟ್ರೋಲ್ ಹೊರಗೆ ಹೋದರೆ ಅದೇ ಗಾಳಿ 10.4 ಲೀಟರಿಗೆ ಹಿಗ್ಗಬೇಕು. ಒತ್ತಡ ಸುಮಾರು 4 ಕಿಲೋಪಾಸ್ಕಲ್ ಇಳಿಯುತ್ತದೆ. ಅದು 55 ಸೆಂ.ಮೀ. ಪೆಟ್ರೋಲಿಗೆ ಸಮ. ಹಕ್ಕಿಯವರ ಪೂರ್ತಿ ಹೆಡ್ ಹೋಯಿತು. ಗಂಟೆಗೆ 35 ಲೀಟರ್ ಕುಡಿಯುವ ಎಂಜಿನ್ ಒಂದೇ ಟ್ಯಾಂಕಿನಿಂದ 0.4 ಲೀಟರ್ ಎಳೆಯೋಕೆ 41 ಸೆಕೆಂಡ್ ಸಾಕು. ಸರಿಯಾಗಿ ರನ್‌ವೇ ತುದಿ ದಾಟಿದಾಗ.

ಟ್ಯಾಂಕ್ ತುಂಬಿದ್ದರೆ ಗಾಳಿಯೇ ಕಡಿಮೆ, ಇನ್ನೂ ಬೇಗ.

ತಗ್ಗುರೆಕ್ಕೆ:
ವೆಂಟ್ ಪೈಪ್ ಗಾಳಿಗೆ ಮುಖ ಮಾಡಿಟ್ಟರೆ ಗಾಳಿಯೇ ತಳ್ಳಿ ಪ್ರೆಶರ್ ಕೊಡುತ್ತದಲ್ಲ? ಅದನ್ನು ಹೆಡ್‌ಗೆ ಸೇರಿಸಬಹುದಲ್ಲ?

ಲೆಕ್ಕದಮೇಷ್ಟ್ರು:
ಕೊಡುತ್ತದೆ. 100 ನಾಟ್ ವೇಗದಲ್ಲಿ 23 ಸೆಂ.ಮೀ. ಪೆಟ್ರೋಲಿನಷ್ಟು. ಚೆನ್ನಾಗಿದೆ ಅನ್ನಿಸುತ್ತದೆ.

ಹಳೇಸ್ಪ್ಯಾನರ್:
ಏರುವಾಗ 100 ನಾಟ್ ಇರಲ್ಲ ಮೇಷ್ಟ್ರೇ. ನಾನಂತೂ ಅದನ್ನು ಲೆಕ್ಕಕ್ಕೇ ತಗೊಳ್ಳಲ್ಲ.

ಲೆಕ್ಕದಮೇಷ್ಟ್ರು:
60 ನಾಟ್‌ನಲ್ಲಿ 8 ಸೆಂ.ಮೀ. ಒಪ್ಪಿದೆ, ನಂಬೋಕೆ ಸಾಲದು. ಆದರೆ ಉಲ್ಟಾ ಅಪಾಯ ಲೆಕ್ಕಕ್ಕೆ ತಗೊಳ್ಳಲೇಬೇಕು. ವೆಂಟ್ ತುದಿ ಗಾಳಿ ಎಳೆಯುವ ಜಾಗದಲ್ಲಿದ್ದರೆ ಹೆಡ್‌ನಿಂದ ಕಳೆಯುತ್ತದೆ. ಮತ್ತೆ ಎಡ ಬಲ ವೆಂಟ್ ಒಂದೇ ಥರ ಇರಬೇಕು. ವಾಲ್ವ್ ಎರಡೂ ಟ್ಯಾಂಕಿಗೆ ತೆರೆದಿದ್ದು, ಎರಡು ವೆಂಟ್‌ಗಳ ಮಧ್ಯೆ 150 ಪಾಸ್ಕಲ್ ವ್ಯತ್ಯಾಸ ಬಂದರೂ ಒಂದು ಟ್ಯಾಂಕಿನ ಮಟ್ಟ ಇನ್ನೊಂದಕ್ಕಿಂತ 2 ಸೆಂ.ಮೀ. ಕೆಳಗೆ ಹೋಗಿಯೇ ನಿಲ್ಲೋದು. 15 ಸೆಂ.ಮೀ. ಟ್ಯಾಂಕಿನಲ್ಲಿ 2 ಸೆಂ.ಮೀ. ಅಂದರೆ ಎದ್ದು ಕಾಣುತ್ತದೆ.

ಬಾಲಚಕ್ರ:
ಸೆಸ್ನಾ 172ರಲ್ಲಿ ವೆಂಟ್ ಎಡ ರೆಕ್ಕೆಯಡಿ ಸ್ಟ್ರಟ್ ಹಿಂದೆ ಇರುತ್ತದೆ, ಎರಡು ಟ್ಯಾಂಕಿನ ಮಧ್ಯೆ ಗಾಳಿಗೆ ಅಡ್ಡ ಪೈಪ್. ಆದರೂ ಎರಡೂ ಗೇಜ್ ಒಟ್ಟಿಗೆ ಇಳಿಯೋದು ಅಪರೂಪ. ನೀವೂ ಅಂಥ ಅಡ್ಡ ಪೈಪ್ ಹಾಕಿ, ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆಯಿಂದ ಉಸಿರಾಡುತ್ತದೆ. ಮಟ್ಟವೇ ಸಮ ಇಲ್ಲದ ಜಾಗದಲ್ಲಿ ನಿಲ್ಲಿಸುವಾಗ ವಾಲ್ವ್ ಮುಚ್ಚೋದು ಮರೆಯಬೇಡಿ, ಇಲ್ಲದಿದ್ದರೆ ಬೆಳಗ್ಗೆ ಹೊತ್ತಿಗೆ ತಗ್ಗಿನ ರೆಕ್ಕೆಯ ವೆಂಟ್‌ನಿಂದ ನೆಲಕ್ಕೆ ಪೆಟ್ರೋಲ್.

ಗ್ಯಾರೇಜ್‌ಹಕ್ಕಿ:
ಮುಚ್ಚಳ ಹಾಕಿ ಮಾಡಿದೆ: 58ರಿಂದ ಶುರುವಾಗಿ, ನಾಲ್ಕನೇ ಲೀಟರಿಗೂ 58. ಬೇಕಂತಲೇ ಎರಡೂ ವೆಂಟ್‌ಗೆ ಟೇಪ್ ಅಂಟಿಸಿಯೂ ನೋಡಿದೆ. ಧಾರೆ ಮೊದಲು ಸಣ್ಣದಾಯಿತು, ಆಮೇಲೆ ಪೂರ್ತಿ ನಿಂತಿತು. ಟೇಪ್ ಕಿತ್ತ ಕೂಡಲೇ ಟ್ಯಾಂಕಿನ ತಗಡು ಟಕ್ ಅಂತ ವಾಪಸ್ ಬಂತು. ಆ ಸದ್ದು ಕೇಳಿ ಮೈ ಜುಂ ಅಂದಿತು. ಇನ್ನು ಮೇಲೆ ಹಾರುವ ಮೊದಲು ವೆಂಟ್ ಊದಿ ನೋಡದೆ ಹತ್ತಲ್ಲ.

ಹಳೇಸ್ಪ್ಯಾನರ್:
ಊದಬೇಡಿ, ಬಾಯಿಗೆ ಪೆಟ್ರೋಲ್ ಬರುತ್ತದೆ. ಬಗ್ಗಿ ನೋಡಿ ಸಾಕು. ಹೊರತುದಿಗೆ ಒಂದು ಸಣ್ಣ ಜಾಲರಿ ಹಾಕಿ.

ಗುಂಡಿಯಲ್ಲೇ ಇದ್ದಾಗ ಇನ್ನೊಂದು ಕೆಲಸ ಮುಗಿಸಿ. ಧಾರೆಯಲ್ಲಿ ಗಾಳಿ ಬರುವ ತನಕ ಹರಿಯಬಿಡಿ. ಆಗ ಟ್ಯಾಂಕಿನಲ್ಲಿ ಉಳಿದದ್ದು ನಿಮ್ಮದಲ್ಲ, ಅದು ಎಂಜಿನ್‌ಗೆ ಸಿಗಲ್ಲ.

ಗ್ಯಾರೇಜ್‌ಹಕ್ಕಿ:
ಮುಗಿಸಿದೆ. ಮೂಗು ಮೇಲಿದ್ದಾಗ ಎಡದಲ್ಲಿ 0.9 ಲೀಟರ್ ಉಳಿದಾಗ ಗಾಳಿ ಬಂತು. ಅದಾದ ಮೇಲೆ ಲ್ಯಾಂಡಿಂಗಿಗೆ ಇಳಿಯುವ ಹಾಗೆ ಮೂಗು 6 ಡಿಗ್ರಿ ಕೆಳಗೆ ಮಾಡಿ ನೋಡಿದೆ, ಆಗ 2.3 ಲೀಟರ್. ಟ್ಯಾಂಕಿನ ತೂತು ಹಿಂದಿನ ಮೂಲೆಯಲ್ಲಿದೆ, ಪೆಟ್ರೋಲ್ ಮುಂದಕ್ಕೆ ಓಡಿಹೋಗುತ್ತದೆ. ದೊಡ್ಡ ಸಂಖ್ಯೆಯನ್ನೇ ಹಿಡಿದು, 2.3 ಲೀಟರ್ ಇರುವಾಗ ವಿಮಾನ ಮಟ್ಟಸ ಇಟ್ಟು, ಸೈಟ್ ಗೇಜ್ (ಪೆಟ್ರೋಲ್ ಮಟ್ಟ ಕಣ್ಣಿಗೇ ಕಾಣುವ ಕೊಳವೆ) ಮೇಲೆ ಕೆಂಪು ಗೆರೆ ಎಳೆದೆ. ಪಕ್ಕದಲ್ಲಿ ಸೊನ್ನೆ ಅಂತ ಬರೆದಿದ್ದೇನೆ.